ಖಾಲಿ ಗಾಡಿಯ ನಡುಕ

ಗಾಡಿ ಮತ್ತೆ ನಡುಗಿತು. ಮೊದಲನೇ ಗೇರಿಗೆ ಹಾಕಿ, ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಾಜೂಕಾಗಿ ಕ್ಲಚ್ ಬಿಟ್ಟರೂ ಸೀಟಿನ ಅಡಿಯಿಂದ ಧಡಧಡನೆ ಎದ್ದ ನಡುಕ ಸ್ಟಿಯರಿಂಗ್ ಹಿಡಿದ ಮುಂಗೈಗೆ ಹತ್ತಿ, ಅಲ್ಲಿಂದ ದವಡೆಗೆ ಬಂದು, ಎರಡನೇ ಗೇರು ಬೀಳುವ ಹೊತ್ತಿಗೆ ಏನೂ ಆಗೇ ಇಲ್ಲವೇನೋ ಎಂಬಂತೆ ಅಡಗಿಹೋಯಿತು. ಚಿಕ್ಕಮೇಸ್ತ್ರಿ ಬ್ರೇಕ್ ಒತ್ತಿ ಪಿಕಪ್ಪನ್ನು ನಿಲ್ಲಿಸಿದ. ಒಂದು ಕಡೆ ಮರದ ಡಿಪೋದ ಉದ್ದನೆಯ ಗೋಡೆ, ಇನ್ನೊಂದು ಕಡೆ ಸಾಲು ಗ್ಯಾರೇಜುಗಳು. ನಡುವಿನ ಈ ಓಣಿಯಲ್ಲಿ ಬೆಳಗಿನಿಂದ ಎಷ್ಟು ಸಲ ಹೊರಟು ಎಷ್ಟು ಸಲ ನಿಂತನೋ ಅವನಿಗೇ ಲೆಕ್ಕವಿಲ್ಲ. ಗೋಡೆಯ ನೆರಳಲ್ಲಿ ಮಲಗಿದ್ದ ನಾಯಿ ಕೂಡ ತಲೆ ಎತ್ತಿ ನೋಡುವುದನ್ನು ಬಿಟ್ಟಿತ್ತು. ನಡುಕ ಬಂದಾಗಲೆಲ್ಲ ಅವನೊಳಗೆ ಒಂದು ಬಗೆಯ ಸಮಾಧಾನ. ನೋಡು, ಇದೆ, ಎಲ್ಲೂ ಹೋಗಿಲ್ಲ, ನಾನು ಸುಮ್ಮಸುಮ್ಮನೆ ಅಂದದ್ದಲ್ಲ ಎನ್ನುವ ಸಮಾಧಾನ. ಗಾಡಿ ಕೆಟ್ಟೇ ಇರಲಿ ಎಂದು ಮೆಕ್ಯಾನಿಕ್ಕೇ ಹಾರೈಸುವುದೆಂದರೆ ಇದೆಂಥ ಕರ್ಮ! ಅವನು ರಿವರ್ಸ್ ಹಾಕಿ ಗಾಡಿಯನ್ನು ಮತ್ತೆ ಓಣಿಯ ತುದಿಗೆ ತಂದ.

ವಯಸ್ಸು ಐವತ್ತರ ಹತ್ತಿರ ಬಂದಿದ್ದರೂ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿದ್ದರೂ ಈ ಓಣಿಯಲ್ಲಿ ಅವನು ಚಿಕ್ಕಮೇಸ್ತ್ರಿಯೇ. ದೊಡ್ಡಮೇಸ್ತ್ರಿ ಎಂದರೆ ಅಪ್ಪ. ಗ್ಯಾರೇಜಿನ ಬಾಗಿಲು ತೆಗೆಯುವುದು, ಗಿರಾಕಿಯ ಹತ್ತಿರ ಮಾತಾಡುವುದು, ಎಂಜಿನ್ ಇಳಿಸುವುದು, ಏರಿಸುವುದು ಎಲ್ಲ ಇವನದೇ ಆಗಿ ಎಷ್ಟೋ ವರ್ಷವಾಗಿತ್ತು. ಆದರೂ ಬಂದವರು ಮೊದಲು ಕೇಳುವುದು ‘ದೊಡ್ಡೋರಿಲ್ವಾ?’ ಎಂದೇ. ಅಪ್ಪ ದಿನಾ ಬರುತ್ತಿದ್ದರು. ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಸಣ್ಣಪುಟ್ಟದ್ದು ಎಂದು ಇವನು ಗೆರೆ ಎಳೆದಿದ್ದ, ಅವರೇನೂ ಎಳೆದುಕೊಂಡಿರಲಿಲ್ಲ. ಟೈಲ್ಸ್ ಅಂಗಡಿಯವನ ಈ ಪಿಕಪ್ ಕಳೆದ ವಾರ ಬಂದಾಗ ಎರಡು ಕೆಲಸವಿತ್ತು. ಲೋಡು ಹಾಕಿದರೆ ಹಿಂಭಾಗ ನೆಲಕ್ಕೆ ಕೂರುತ್ತಿತ್ತು, ಆದ್ದರಿಂದ ಹಿಂದಿನ ಸ್ಪ್ರಿಂಗ್ ಕಟ್ಟಿಗೆ ಎರಡೂ ಬದಿ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಬೇಕು. ಜೊತೆಗೆ ಶಾಫ್ಟಿನ ಕೀಲಾದ ಕ್ರಾಸ್ ಸವೆದು ಕಟಕಟ ಎನ್ನುತ್ತಿತ್ತು, ಅದನ್ನು ಬದಲಿಸಬೇಕು. ಸ್ಪ್ರಿಂಗು ಇವನು ತೆಗೆದುಕೊಂಡ. ಶಾಫ್ಟಿನ ಹತ್ತಿರ ಇವನು ಬರುವಷ್ಟರಲ್ಲಿ ಅಪ್ಪ ಆಗಲೇ ಗಾಡಿಯ ಕೆಳಗೆ ಮಲಗಿಯಾಗಿತ್ತು. ‘ಬಿಡಪ್ಪ, ನಾನ್ ಮಾಡ್ತೀನಿ’ ಅಂದರೆ, ‘ನೀನು ನಿನ್ ಕೆಲ್ಸ ನೋಡ್ಕೋ ಹೋಗು’ ಎಂದು ಒಳಗಿನಿಂದಲೇ ಗದರಿದ್ದರು.

ಇವತ್ತು ಬೆಳಿಗ್ಗೆ ಟೈಲ್ಸ್ ಅಂಗಡಿಯವನು ಗಾಡಿಯಿಂದ ಇಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಎದುರಿನ ಚಹಾದಂಗಡಿಯಲ್ಲಿ ಜನವಿದ್ದರು, ಅವರಿಗೂ ಕೇಳಿಸಲಿ ಎಂದೇ ಕೂಗಿದ ಹಾಗಿತ್ತು. ‘ಏನ್ ಮೇಸ್ತ್ರಿ, ರಿಪೇರಿಗೆ ಅಂತ ಬಿಟ್ರೆ ಗಾಡಿಗೆ ಚಳಿಜ್ವರ ಹತ್ಸಿ ಕಳ್ಸಿದೀರಲ್ಲ! ಹೊರಟ್ರೆ ಸಾಕು ಗಡಗಡ ಅಂತ ನಡುಗುತ್ತೆ!’ ಗ್ಲಾಸು ಹಿಡಿದವರೆಲ್ಲ ನಕ್ಕರು. ಚಿಕ್ಕಮೇಸ್ತ್ರಿಯೂ ನಗಬೇಕಿತ್ತು. ಇಂಥ ಮಾತನ್ನು ನಕ್ಕು ತೇಲಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟು, ‘ಬನ್ನಿ ಸಾರ್, ಔಷಧಿ ಕೊಡೋಣ’ ಎನ್ನುವುದು ಅವನಿಗೆ ಬರದ ವಿದ್ಯೆಯೇನಲ್ಲ. ಅದೇಕೋ ಇವತ್ತು ಮೈಯೆಲ್ಲ ಉರಿದುಹೋಯಿತು. ಗಾಡಿಯವನು ಇಳಿದು ಇನ್ನೂ ಏನೇನೋ ಹೇಳುತ್ತಿದ್ದ, ಲೋಡ್ ಇದ್ದಾಗ ಏನೂ ಇಲ್ಲ ಮೇಸ್ತ್ರಿ, ಹಾಲು ಕುಡಿದಷ್ಟು ಸಲೀಸು, ಖಾಲಿ ಬರುವಾಗ್ಲೇ ಈ ಆಟ ಎಂದು; ಆ ಮಾತು ಇವನ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಇವನ ಕಣ್ಣು ಒಳಗೆ ಬೆಂಚಿನ ಹತ್ತಿರ ಬೇರೆ ಕಾರಿನ ಬೋಲ್ಟೊಂದನ್ನು ತಿರುಗಿಸುತ್ತಿದ್ದ ಅಪ್ಪನ ಮೇಲಿತ್ತು.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳವರೆಗೆ ತಿರುಗುತ್ತ ಹೋಗುವ ಆ ಉದ್ದನೆಯ ಶಾಫ್ಟು ಎರಡು ತುಂಡಿನದು. ಹಲ್ಲಿಗೆ ಹಲ್ಲು ಕೂತು ಒಂದರೊಳಗೊಂದು ಸೇರುತ್ತದೆ, ನಡುವೆ ಅದನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ನೇತುಹಾಕಿ ಹಿಡಿದಿರುವುದು ಒಂದು ಬೇರಿಂಗು. ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಎದುರುಬದುರು ಗುರುತು ಹೊಡೆಯಬೇಕು, ಜೋಡಿಸುವಾಗ ಗುರುತಿಗೆ ಗುರುತು ಕೂಡಿಸಬೇಕು. ಒಂದೇ ಒಂದು ಹಲ್ಲು ಆಚೀಚೆಯಾದರೂ ಗಾಡಿ ನಡುಗುತ್ತದೆ. ಇದನ್ನು ಇವನಿಗೆ ಕಲಿಸಿದವರು ಅಪ್ಪನೇ. ಅಂಥ ಅಪ್ಪನನ್ನು ಅಷ್ಟು ಜನರೆದುರು ಇವನು ಕೇಳಿದ, ‘ಗುರುತು ಹಾಕಿದ್ರಾ?’ ಅಪ್ಪ ತಲೆಯೆತ್ತಿದರು. ‘ಹಾಕಿದ್ದೆ’ ಅಂದರು. ಆಮೇಲೆ ಕಣ್ಣು ಕಿರಿದಾಗಿಸಿ ಯಾವುದನ್ನೋ ಹುಡುಕುವವರ ಹಾಗೆ ನೋಡಿ, ‘ಹಾಕಿರ್ತೀನಿ ಅನ್ಸುತ್ತೆ’ ಅಂದರು. ಆ ಅನ್ಸುತ್ತೆ ಕೇಳಿ ಇವನ ತಾಳ್ಮೆ ತಪ್ಪಿತು. ಎಷ್ಟೋ ತಿಂಗಳಿಂದ ಬಾಯಿಗೆ ಬಂದು ಬಂದು ವಾಪಸ್ಸು ಹೋಗುತ್ತಿದ್ದ ಮಾತು ಸಲೀಸಾಗಿ ಹೊರಗೆ ಬಂತು. ‘ಅನ್ಸೋದ್ರಲ್ಲಿ ಗಾಡಿ ಓಡಲ್ಲ. ಸಾಕು. ನಾಳೆಯಿಂದ ನೀವು ಬರೋದ್ ಬೇಡ, ಮನೇಲಿರಿ.’ ಮನೆಯಲ್ಲಿ ಅಪ್ಪನಿಗೆ ನೀನು ಅನ್ನುವವನು ಗ್ಯಾರೇಜಿನಲ್ಲಿ ಜನರೆದುರು ನೀವು ಅನ್ನುತ್ತಿದ್ದ, ಅದು ರೂಢಿ. ಆದರೆ ಆ ಹೊತ್ತಿನ ನೀವು ಅವನ ಕಿವಿಗೇ ಪರರಿಗೆ ಅಂದ ಹಾಗೆ ಕೇಳಿಸಿತು. ಚಹಾದಂಗಡಿಯಲ್ಲಿ ಯಾರೂ ನಗಲಿಲ್ಲ. ಟೈಲ್ಸ್ ಅಂಗಡಿಯವನೇ ಪೆಚ್ಚಾಗಿ, ‘ಅಯ್ಯೋ ಇರ್ಲಿ ಬಿಡಿ ಮೇಸ್ತ್ರಿ, ದೊಡ್ಡೋರು, ನಾನೇನೋ ತಮಾಷೆಗೆ ಅಂದೆ’ ಎಂದ. ಅಪ್ಪ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ನೋಡಿ, ‘ಈ ಬೋಲ್ಟು ಅರ್ಧ ಆಗಿದೆ, ಬಿಗಿ ಮಾಡಿ ಹೋಗ್ಲಾ?’ ಎಂದು ಕೇಳಿದರು. ‘ಬೇಡ, ನಾನ್ ಮಾಡ್ಕೋತೀನಿ’ ಎಂದ ಇವನು. ಅವರು ಕೈ ತೊಳೆದುಕೊಂಡರು, ಅಂಗಿ ಬದಲಿಸಿದರು, ಹೊರಟುಹೋದರು.

ಈಗ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತವನಿಗೆ ಆ ಪ್ರಶ್ನೆಯೇ ಎದುರಿಗೆ ಬಂದು ನಿಲ್ಲುತ್ತಿತ್ತು. ಬಿಗಿ ಮಾಡಿ ಹೋಗ್ಲಾ? ಅದೇನು ಕೋಪಕ್ಕೆ ಕೇಳಿದ್ದೋ, ಬೇಡಿಕೊಂಡದ್ದೋ, ಇಲ್ಲ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲದ ಮನುಷ್ಯ ಸುಮ್ಮನೆ ಕೇಳಿದ್ದೋ? ಅಪ್ಪನನ್ನು ಮನೆಯಲ್ಲೇ ಇರಿಸಿ ಎಂದು ಹೆಂಡತಿ ಎಷ್ಟು ಸಲ ಹೇಳಿದ್ದಳು. ಅವಳದು ತಪ್ಪಿಲ್ಲ, ಅವಳಿಗೆ ಮಾವ ಎಂದರೆ ಪ್ರಾಣ. ‘ಮಾವನ ಕೈ ಮೊದಲಿನ ಹಾಗಿಲ್ಲ ಕಣ್ರೀ, ಒಂದಿನ ಯಾರ ಪ್ರಾಣಕ್ಕಾದ್ರೂ ಬಂದ್ರೆ ಏನ್ ಮಾಡ್ತೀರಿ?’ ಎಂದವಳು ಒಂದೊಂದು ಸಲ ಅಳುತ್ತಲೇ ಹೇಳಿದ್ದಳು. ಸುಳ್ಳಲ್ಲ. ಒಂದು ವ್ಯಾನಿನ ಚಕ್ರದ ನಟ್ಟನ್ನು ಅಪ್ಪ ಬೆರಳಲ್ಲಿ ತಿರುಗಿಸಿದ್ದಷ್ಟೇ, ಸ್ಪ್ಯಾನರ್ ಹಾಕುವುದನ್ನು ಮರೆತಿದ್ದರು. ಓಣಿ ದಾಟುವ ಮೊದಲೇ ಇವನ ಕಣ್ಣಿಗೆ ಬಿದ್ದದ್ದು ಪುಣ್ಯ. ಅವತ್ತು ಅಪ್ಪನ ಮುಖ ಬಿಳಿಚಿಕೊಂಡದ್ದನ್ನು ನೋಡಲಾರದೆ, ‘ನಿನ್ನ ತಪ್ಪಲ್ಲಪ್ಪ, ನಟ್ಟೇ ಹಾಳಾಗಿತ್ತು, ಕೂರ್ತಾ ಇರಲಿಲ್ಲ’ ಎಂದಿದ್ದ. ಆಯಿಲ್ ಹಾಕದೆ ಮುಚ್ಚಳ ಮುಚ್ಚಿದಾಗಲೂ ಅಷ್ಟೇ, ಸೀಲ್ ಸರಿಯಿಲ್ಲ ಅಂದಿದ್ದ. ಹೀಗೆ ಮುಚ್ಚಿ ಮುಚ್ಚಿ ಸಾಕಾಗಿ, ಯಾರೂ ಅಲ್ಲಗಳೆಯಲಾಗದ ಒಂದು ದೊಡ್ಡ ತಪ್ಪು ಅಪ್ಪನಿಂದ ಆಗಿಬಿಡಲಿ, ಯಾರಿಗೂ ಪೆಟ್ಟಾಗದ ಹಾಗೆ ಆಗಲಿ, ಆಗ ನಾನು ಹೇಳುವುದನ್ನು ಹೇಳಿಬಿಡುತ್ತೇನೆ ಎಂದು ಒಳಗೊಳಗೇ ಕಾಯುತ್ತಿದ್ದ. ಅದನ್ನು ನೆನೆದರೆ ಅವನಿಗೆ ನಾಚಿಕೆಯಾಯಿತು. ಈ ನಡುಕ ಅವನಿಗೆ ಕೇಳಿ ಪಡೆದ ಹಾಗೆ ಬಂದಿತ್ತು.

ಗಾಡಿಯನ್ನು ಒಳಗೆ ತಂದು ನಿಲ್ಲಿಸಿದ. ಪಕ್ಕದ ಶೆಡ್ಡಿನ ವೆಲ್ಡರನ್ನು ಕರೆದು, ತಾನು ಬ್ರೇಕ್ ಹಿಡಿದು ಕ್ಲಚ್ ಅರ್ಧ ಬಿಟ್ಟಾಗ ಎಂಜಿನ್ ಕುಪ್ಪಳಿಸುತ್ತದೆಯೇ ನೋಡು ಎಂದ. ‘ಅಲ್ಲಾಡೋದೂ ಇಲ್ಲ, ಬಂಡೆ ಕೂತ ಹಾಗೆ ಕೂತಿದೆ’ ಎಂದ ವೆಲ್ಡರ್. ಹಾಗಾದರೆ ಎಂಜಿನ್ ಕೂರುವ ಮೌಂಟ್ ಅಲ್ಲ. ಕ್ಲಚ್ ಆಗಿದ್ದರೂ ಅರ್ಧ ಬಿಟ್ಟಾಗಲೇ ಒದರಬೇಕಿತ್ತು. ಉಳಿದದ್ದು ಶಾಫ್ಟು. ಇಷ್ಟನ್ನೂ ಬೆಳಿಗ್ಗೆ ಬಾಯಿ ತೆರೆಯುವ ಮೊದಲೇ ನೋಡಬೇಕಿತ್ತು. ಚಕ್ರದ ಹಲಗೆ ಎಳೆದುಕೊಂಡು, ಟಾರ್ಚು ಬಾಯಲ್ಲಿ ಕಚ್ಚಿ ಕೆಳಗೆ ಜಾರಿದ. ಕೆಸರು, ಗ್ರೀಸು, ಟೈಲ್ಸಿನ ಬಿಳಿ ಪುಡಿ ಎಲ್ಲ ಮೆತ್ತಿಕೊಂಡು ಶಾಫ್ಟಿನ ಮೈ ಕಾಣುತ್ತಿರಲಿಲ್ಲ. ಗುರುತೂ ಕಾಣಲಿಲ್ಲ. ಎದೆ ಹಗುರಾಯಿತು, ಆ ಹಗುರಕ್ಕೆ ಅವನಿಗೇ ಅಸಹ್ಯವಾಯಿತು. ಆದರೂ ಡೀಸೆಲ್ ಬಟ್ಟೆಯಿಂದ ಒಂದು ಸಲ ಒರೆಸಿದ, ಇನ್ನೊಂದು ಸಲ ಒರೆಸಿದ. ಪಂಚಿನಿಂದ ಹೊಡೆದ ಚುಕ್ಕೆ. ಆಚೆ ತುಂಡಿನಲ್ಲಿ ಒಂದು, ಈಚೆ ತುಂಡಿನಲ್ಲಿ ಒಂದು. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಮುಖಕ್ಕೆ ಮುಖ ಕೊಟ್ಟು ಕೂತಿದ್ದವು.

ಅವನು ಬಹಳ ಹೊತ್ತು ಹಾಗೇ ಮಲಗಿದ್ದ. ಟಾರ್ಚು ಬಾಯಲ್ಲಿದ್ದುದರಿಂದ ಜೊಲ್ಲು ಕೆನ್ನೆಗೆ ಇಳಿಯಿತು. ಶಾಫ್ಟನ್ನು ಹಿಡಿದು ತಿರುಚಿದ, ಎಲ್ಲೂ ಸಡಿಲವಿಲ್ಲ. ಕ್ರಾಸ್ ನಾಲ್ಕೂ ಕಡೆ ನೆಟ್ಟಗೆ ಕೂತಿತ್ತು, ಗ್ರೀಸ್ ಎಷ್ಟು ಬೇಕೋ ಅಷ್ಟೇ ತುಂಬಿತ್ತು. ಇವನೇ ಮಾಡಿದ್ದರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲವೇನೋ. ಹಲ್ಲು ತಪ್ಪಿ ಕೂತ ಶಾಫ್ಟಿನ ನಡುಕ ವೇಗ ಹೆಚ್ಚಿದಂತೆ ಹೆಚ್ಚುತ್ತದೆ, ಹೊರಡುವಾಗ ಬಂದು ಎರಡನೇ ಗೇರಿಗೆ ಸಾಯುವುದಿಲ್ಲ. ಇಷ್ಟು ವರ್ಷ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದನ್ನು ಬೆಳಿಗ್ಗೆ ಬೇಕೆಂದೇ ಬದಿಗಿಟ್ಟಿದ್ದ. ಲೋಡ್ ಇದ್ದಾಗ ಏನೂ ಇಲ್ಲ, ಖಾಲಿ ಬರುವಾಗ್ಲೇ ಈ ಆಟ ಎಂದಿದ್ದನಲ್ಲ ಗಾಡಿಯವನು. ಟಾರ್ಚಿನ ಬೆಳಕು ತಾನಾಗಿ ಹಿಂದಕ್ಕೆ ಹರಿದು ಸ್ಪ್ರಿಂಗಿನ ಮೇಲೆ ನಿಂತಿತು. ಇವನು ಸೇರಿಸಿದ ಹೊಸ ಪಟ್ಟಿ ಕಪ್ಪು ಬಣ್ಣ ಮಾಸದೆ ಮಿಂಚುತ್ತಿತ್ತು. ಪಟ್ಟಿ ಸೇರಿದ ಮೇಲೆ ಗಾಡಿಯ ಹಿಂಭಾಗ ಎತ್ತರವಾಗಿದೆ. ಹಿಂಭಾಗ ಎದ್ದದ್ದರಿಂದ ನಡುವಿನ ಬೇರಿಂಗಿನಿಂದಾಚೆ ಶಾಫ್ಟು ಕಡಿದಾಗಿ ಇಳಿದಿದೆ, ಮಧ್ಯದಲ್ಲಿ ಮುರಿದ ಕೋಲಿನ ಹಾಗೆ ಮಡಿಚಿಕೊಂಡಿದೆ. ಹೊರಡುವ ಮೊದಲ ಎಳೆತಕ್ಕೆ ಆ ಮಡಿಕೆ ಕುಣಿಯುತ್ತದೆ. ಲೋಡು ಬಿದ್ದರೆ ಹಿಂಭಾಗ ಕೂತು ಶಾಫ್ಟು ನೇರವಾಗುತ್ತದೆ, ನಡುಕ ಮಾಯ. ಹಿಂಭಾಗ ಎತ್ತರಿಸಿದಾಗಲೆಲ್ಲ ನಡುವಿನ ಬೇರಿಂಗಿನ ಬ್ರ್ಯಾಕೆಟ್ಟಿಗೂ ಚಾಸಿಗೂ ಮಧ್ಯೆ ಕಬ್ಬಿಣದ ಬಿಲ್ಲೆ ಕೊಟ್ಟು ಅದನ್ನು ಅಷ್ಟು ಕೆಳಗಿಳಿಸಬೇಕು. ಪಟ್ಟಿ ಹಾಕಿದವನೇ ಬಿಲ್ಲೆಯನ್ನೂ ಹಾಕಬೇಕು. ಇವನು ಹಾಕಿರಲಿಲ್ಲ.

ಯಾಕೆ ಹಾಕಲಿಲ್ಲ? ಇಷ್ಟು ಗಾಡಿಗೆ ಪಟ್ಟಿ ಹಾಕಿದ್ದಾನೆ, ಒಂದು ದಿನವೂ ಮರೆತವನಲ್ಲ. ಆ ದಿನ ಅವನು ಹಿಂದಿನ ಚಕ್ರದ ಹತ್ತಿರ ಕೂತು ಸ್ಪ್ರಿಂಗು ಕಟ್ಟುತ್ತಿದ್ದರೂ ಕಣ್ಣೆಲ್ಲ ಗಾಡಿಯ ಅಡಿಯಲ್ಲಿದ್ದ ಅಪ್ಪನ ಕೈಗಳ ಮೇಲಿತ್ತು. ಈಗ ಬೋಲ್ಟು ಬಿಡುತ್ತಾರೆ, ಈಗ ಮರೆಯುತ್ತಾರೆ, ಈಗ ಹಿಡಿಯುತ್ತೇನೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಅಪ್ಪನ ಕೈ ಕಾಯುತ್ತ ತನ್ನ ಕೈಯನ್ನು ಮರೆತಿದ್ದ. ಇಷ್ಟು ಕಾದವನಿಗೆ ಅಪ್ಪ ಗುರುತು ಹೊಡೆದದ್ದೇ ಕಾಣಲಿಲ್ಲವಲ್ಲ! ಎಡವುವುದನ್ನಷ್ಟೇ ಕಾಯುವವನಿಗೆ ನೆಟ್ಟಗಿನ ನಡಿಗೆ ಹೇಗೆ ಕಂಡೀತು. ಚಾಸಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಅದೂ ನಾಟಕವೇ ಅನಿಸಿ ಸುಮ್ಮನಾದ.

ಕೆಳಗಿನಿಂದ ಎದ್ದು ಬಂದವನ ತಲೆಯಲ್ಲಿ ಇನ್ನೊಂದು ಯೋಚನೆ ಮೆಲ್ಲನೆ ಕಾಲೂರಿತು. ಬಿಲ್ಲೆ ಹಾಕಿ ಗಾಡಿ ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪ ಇವತ್ತಲ್ಲ ನಾಳೆ ಬಿಡಲೇಬೇಕಾದ ಕೆಲಸ ಬಿಟ್ಟಂತಾಯಿತು. ಹೆಂಡತಿಗೆ ನೆಮ್ಮದಿ. ಆಡಿದ್ದಾಯಿತು, ಕೇಳಿದ್ದಾಯಿತು, ಕಷ್ಟದ ಭಾಗ ಮುಗಿದೇ ಹೋಗಿದೆ, ಈಗ ಅದನ್ನು ಕೆದಕಿ ಸಾಧಿಸುವುದೇನು? ಕಾರಣ ಸುಳ್ಳಿರಬಹುದು, ಕೆಲಸ ಸರಿಯೇ ಅಲ್ಲವೇ? ಹೀಗೆ ತನ್ನನ್ನು ತಾನೇ ಪುಸಲಾಯಿಸುತ್ತ ವೆಲ್ಡರನ ಶೆಡ್ಡಿಗೆ ಹೋಗಿ ಎರಡು ದಪ್ಪ ಬಿಲ್ಲೆ ಕತ್ತರಿಸಿಕೊಡು ಎಂದ. ವೆಲ್ಡರ್ ಕನ್ನಡಕ ಹಣೆಗೇರಿಸಿ ಕೇಳಿದ, ‘ದೊಡ್ಮೇಸ್ತ್ರಿಗೆ ಏನಾಯ್ತು? ಬೆಳಿಗ್ಗೆ ಇದೇ ದಾರೀಲಿ ಹೋದ್ರು. ಕೂಗಿದೆ, ತಿರುಗೀನೂ ನೋಡ್ಲಿಲ್ಲ. ಕಿವಿ ಮಂದ ಆಯ್ತಾ?’ ‘ಮೈ ಸರಿಯಿಲ್ಲ’ ಎಂದ ಚಿಕ್ಕಮೇಸ್ತ್ರಿ. ವೆಲ್ಡರ್ ಬಿಲ್ಲೆ ಕತ್ತರಿಸುವಷ್ಟು ಹೊತ್ತೂ ಕಿಡಿ ಹಾರುವುದನ್ನೇ ನೋಡುತ್ತ ನಿಂತ. ಕೂಗಿದರೆ ತಿರುಗಿ ನೋಡದೆ ಹೋಗುವವರಲ್ಲ ಅಪ್ಪ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬನ ಗಾಡಿಯ ಆರೋಗ್ಯ ವಿಚಾರಿಸಿಯೇ ಮನೆ ಸೇರುವ ಮನುಷ್ಯ.

ಬಿಲ್ಲೆ ಕೂರಿಸಿ, ಉದ್ದನೆಯ ಬೋಲ್ಟು ಹಾಕಿ ಬಿಗಿದು, ಓಣಿಯಲ್ಲಿ ಗಾಡಿ ತೆಗೆದ. ಹೊರಟದ್ದೇ ಗೊತ್ತಾಗಲಿಲ್ಲ, ಅಷ್ಟು ನಯ. ಎಂದಿನ ಹಾಗಿದ್ದರೆ ಒಂದು ಸೀಟಿ ಹೊಡೆಯುತ್ತಿದ್ದ. ಟೈಲ್ಸ್ ಅಂಗಡಿ ಎಡಕ್ಕೆ, ಮನೆ ಬಲಕ್ಕೆ. ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿಕೊಂಡು, ಹಿಂದಿನವನು ಹಾರನ್ ಹೊಡೆದು ಹೊಡೆದು ಬಾಯಿಗೆ ಬಂದ ಹಾಗೆ ಬೈಯುವವರೆಗೂ ಕೂತಿದ್ದು, ಬಲಕ್ಕೆ ತಿರುಗಿಸಿದ.

ಮನೆಯೊಳಗೆ ಕಾಲಿಟ್ಟಾಗ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು, ‘ಊಟ ಮಾಡಿಲ್ಲ’ ಎಂದು ಪಿಸುಗುಟ್ಟಿದಳು. ‘ಏನಾಯ್ತು ಮಾವ ಅಂದ್ರೆ, ಸಾಕಮ್ಮ, ಬಹಳ ಕಾಲ ಆಯ್ತು ಅಂತಾರೆ. ನೀವೇನಾದ್ರೂ ಅಂದ್ರಾ?’ ಅವನು ಹೌದೆಂದು ತಲೆಯಾಡಿಸಿದ. ಅವಳೇ ಕೇಳಿಕೊಂಡದ್ದು ನಡೆದಿತ್ತು, ಆದರೂ ಅವಳ ಮುಖದಲ್ಲಿ ನೆಮ್ಮದಿಯಿರಲಿಲ್ಲ. ಒಳಕೋಣೆಯಲ್ಲಿ ಅಪ್ಪ ಮಂಚದ ಅಂಚಿನಲ್ಲಿ ಕೂತು ಒಂದು ಪಿನ್ನಿನಿಂದ ಉಗುರಿನ ಸಂದಿಯ ಕಪ್ಪನ್ನು ಕೆದಕಿ ತೆಗೆಯುತ್ತಿದ್ದರು. ಒಂದು ಕೈಯ ಉಗುರು ಮುಗಿಯುತ್ತ ಬಂದಿತ್ತು. ಹುಟ್ಟಿದಾಗಿನಿಂದ ಕಪ್ಪಾಗಿಯೇ ನೋಡಿದ್ದ ಆ ಉಗುರುಗಳು ಗುಲಾಬಿ ಬಣ್ಣಕ್ಕಿದ್ದವು.

‘ಅಪ್ಪ, ತಪ್ಪು ನಿಂದಲ್ಲ, ನಂದು’ ಎಂದ. ಪಟ್ಟಿ ಸೇರಿಸಿದ್ದು, ಬಿಲ್ಲೆ ಮರೆತದ್ದು, ಗುರುತು ಎದುರುಬದುರು ಸಿಕ್ಕಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅಪ್ಪ ಕೇಳಿಸಿಕೊಂಡರು. ಮಗು ಕಥೆ ಹೇಳಿದರೆ ಕೇಳುತ್ತಾರಲ್ಲ, ಅಷ್ಟು ಅಕ್ಕರೆಯಿಂದ ಕೇಳಿಸಿಕೊಂಡರು. ಆಮೇಲೆ, ‘ಆಯ್ತು ಬಿಡು’ ಅಂದರು.

‘ಆಯ್ತು ಅಲ್ಲಪ್ಪ, ನಿಜವಾಗ್ಲೂ.’

‘ವ್ಯಾನಿನ ನಟ್ಟಿಗೂ ಹೀಗೇ ಅಂದಿದ್ದೆ. ನಟ್ಟೇ ಹಾಳಾಗಿತ್ತು ಅಂತ.’ ಅಪ್ಪ ಪಿನ್ನನ್ನು ಇನ್ನೊಂದು ಕೈಗೆ ಬದಲಿಸಿದರು. ‘ನೀನು ಅತ್ಲಾಗೆ ಹೋದ್ಮೇಲೆ ಎತ್ತಿ ನೋಡ್ದೆ ಕಣೋ. ಹೊಸಾ ನಟ್ಟು. ಆ ಆಯಿಲ್ ಸೀಲೂ ಅಷ್ಟೇ. ನಂಗೆಲ್ಲ ಗೊತ್ತಿತ್ತು. ನಿನ್ ಸಮಾಧಾನಕ್ಕೆ ಹೂಂ ಅಂತಿದ್ದೆ. ಒಳ್ಳೇ ಮಗ ನೀನು, ಮುಚ್ಚಿಟ್ಟೆ. ಆದ್ರೆ ಇನ್ನು ಬೇಡ.’

ಅಷ್ಟು ದಿನ ಹೇಳಿದ ಸುಳ್ಳಿನ ದನಿಯಲ್ಲೇ, ಅದೇ ಮಾತುಗಳಲ್ಲೇ ಇವತ್ತಿನ ನಿಜವೂ ಹೊರಗೆ ಬಂದಿತ್ತು. ಬೇರೆ ದನಿ ಎಲ್ಲಿಂದ ತರುವುದು? ‘ಎದ್ದೇಳು, ಗಾಡಿ ಬಾಗ್ಲಲ್ಲೇ ಇದೆ, ನೀನೇ ಓಡಿಸಿ ನೋಡು’ ಎಂದು ಕೈ ಹಿಡಿದು ಎಬ್ಬಿಸಿದ. ಅಪ್ಪ ಬೇಡವೆನ್ನಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತು, ಗೇರು ಹಾಕಿ, ಕ್ಲಚ್ ಬಿಟ್ಟರು. ಗಾಡಿ ತುಟಿ ಪಿಟಕ್ಕೆನ್ನದೆ ಹೊರಟಿತು. ಬೀದಿಯ ಕೊನೆಯಲ್ಲಿ ನಿಲ್ಲಿಸಿ ಅಪ್ಪ ಮೆಚ್ಚಿಕೊಂಡು ತಲೆಯಾಡಿಸಿದರು. ‘ಚೆನ್ನಾಗಿ ಸರಿ ಮಾಡಿದೀಯ.’ ಆಮೇಲೆ ಕೆಲಸದವನು ಕೆಲಸದವನನ್ನು ಕೇಳುವ ಹಾಗೆ ಕೇಳಿದರು, ‘ಎಷ್ಟು ಹಲ್ಲು ಜರುಗಿಸಿ ಕೂರ್ಸಿದ್ದೆ ನಾನು?’

ಚಿಕ್ಕಮೇಸ್ತ್ರಿಗೆ ಆಗ ಹೊಳೆಯಿತು, ಗಾಡಿ ಸರಿ ಮಾಡಿ ತಂದು ಎಂಥ ದಡ್ಡ ಕೆಲಸ ಮಾಡಿದೆ ಎಂದು. ಸರಿಯಾದ ಗಾಡಿ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ಶಾಫ್ಟು ತಪ್ಪಿದ್ದು ಸರಿಮಾಡಿದರೂ ಹೀಗೇ ಓಡುತ್ತದೆ, ಬಿಲ್ಲೆ ಹಾಕಿದರೂ ಹೀಗೇ ಓಡುತ್ತದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ‘ಎಲ್ಲಿದೀರಿ ಮೇಸ್ತ್ರಿ? ಲೋಡಿಂಗಿನೋರು ಬಂದು ಕೂತಿದಾರೆ. ಗಾಡಿ ಆಯ್ತಾ ಇಲ್ವಾ?’ ಟೈಲ್ಸ್ ಅಂಗಡಿಯವನು. ‘ಆಗಿತ್ತು. ಮತ್ತೆ ಕೆಡಿಸ್ಬೇಕು’ ಎಂದ ಇವನು. ‘ಏನಂದ್ರಿ?’ ‘ಗ್ಯಾರೇಜಿಗೆ ಬನ್ನಿ. ನಿಮ್ಮಿಂದ ಒಂದು ಮಾತು ಬೇಕು.’ ಅಪ್ಪನನ್ನು ಪಕ್ಕಕ್ಕೆ ಸರಿಸಿ ಕೂತು ಗಾಡಿ ತಿರುಗಿಸಿದ. ಅಪ್ಪ ಮಗನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ಕಿಟಕಿಯಾಚೆ ನೋಡುತ್ತ ಬಂದರು.

ಗ್ಯಾರೇಜಿನಲ್ಲಿ ಇವನು ಹಲಗೆಯ ಮೇಲೆ ಮಲಗಿ ಕೆಳಗೆ ಜಾರುವಾಗ ಅಪ್ಪ, ‘ಏನ್ ಹುಚ್ಚೋ ನಿಂಗೆ? ಸರಿ ಇರೋದನ್ನ ಯಾಕ್ ಬಿಚ್ತೀಯ?’ ಎಂದರು. ‘ಬಗ್ಗಿ ನೋಡ್ತಿರು. ಶಾಫ್ಟು ಮುಟ್ಟಲ್ಲ ನಾನು. ಮುಟ್ಟಿದ್ರೆ ಹೇಳು.’ ಅಪ್ಪ ಒಂದು ಕೈ ಚಾಸಿಗೆ ಕೊಟ್ಟು, ಮಂಡಿ ಕಟಕ್ಕೆನ್ನಿಸಿ ಬಗ್ಗಿದರು. ಬೋಲ್ಟು ಬಿಚ್ಚುತ್ತಿದ್ದ ಇವನ ಕೈಗಳ ಮೇಲೆ ಅವರ ನೋಟ ಕೂತದ್ದು ಚರ್ಮಕ್ಕೆ ಗೊತ್ತಾಗುತ್ತಿತ್ತು. ಬೆರಳು ತೊಡರಿತು. ದಿನಾ ತಿರುಗಿಸುವ ನಟ್ಟು ಕೈಜಾರಿ ಮುಖದ ಮೇಲೆ ಬಿತ್ತು. ಹೀಗೇ ಅಲ್ಲವೇ, ತಿಂಗಳುಗಟ್ಟಲೆ ನಾನು ಇವರನ್ನು ಹೀಗೇ ನೋಡುತ್ತ ನಿಂತದ್ದು ಅನಿಸಿತು. ಇಂಥ ನೋಟದ ಕೆಳಗೆ ಯಾರ ಕೈ ತಾನೇ ನೆಟ್ಟಗಿದ್ದೀತು? ಬಿಲ್ಲೆಗಳು ಠಣ್ಣೆಂದು ನೆಲಕ್ಕೆ ಬಿದ್ದವು. ಹಳೆಯ ಬೋಲ್ಟು ಹಾಕಿ ಬಿಗಿದ.

ಟೈಲ್ಸ್ ಅಂಗಡಿಯವನು ಬೈಕಿನಿಂದ ಇಳಿಯುತ್ತಲೇ ಬಾಯಿ ತೆರೆದ, ಚಿಕ್ಕಮೇಸ್ತ್ರಿ ಮಾತಾಡಲು ಬಿಡದೆ ಅವನನ್ನು ಗಾಡಿಗೆ ಹತ್ತಿಸಿದ. ಅಪ್ಪ ಸ್ಟಿಯರಿಂಗಿನಲ್ಲಿ, ಗಾಡಿಯವನು ಪಕ್ಕದಲ್ಲಿ, ಇವನು ಹಿಂದೆ ತೆರೆದ ಟ್ರೇಯಲ್ಲಿ ನಿಂತ. ಗಾಡಿ ಹೊರಟಿತು, ಧಡಧಡನೆ ನಡುಗಿತು. ಚಹಾದಂಗಡಿಯವರೆಲ್ಲ ತಿರುಗಿ ನೋಡಿದರು. ‘ಇದೇ! ಇದೇ ನೋಡಿ ಆ ನಡುಕ, ಒಂಚೂರೂ ಫರಕಿಲ್ಲ!’ ಎಂದು ಟೈಲ್ಸ್ ಅಂಗಡಿಯವನು ಒಳಗಿನಿಂದ ಕಿರುಚಿದ. ಆಮೇಲೆ, ‘ಅಲ್ಲಾ ಮೇಸ್ತ್ರಿ, ಸಂಜೆವರೆಗೂ ಇಟ್ಕೊಂಡು ಏನ್ ಕಡಿದು ಹಾಕಿದ್ರಿ ಹಾಗಾದ್ರೆ?’ ಎಂದು ಹಿಂದಕ್ಕೆ ತಿರುಗಿ ರೇಗಿದ. ಅಪ್ಪ ನಿಲ್ಲಿಸಿದರು, ಮತ್ತೆ ಹೊರಟರು. ನಡುಕ. ಇನ್ನೊಂದು ಸಲ. ನಡುಕ. ಎಂಜಿನ್ ಆರಿಸಿ ಇಳಿದು ಹಿಂದಕ್ಕೆ ಬಂದರು. ಅವರ ಹುಬ್ಬು ಗಂಟಾಗಿತ್ತು.

‘ಪಟ್ಟಿ ಹಾಕಿ ಬಿಲ್ಲೆ ಹಾಕ್ದೆ ಗಾಡಿ ಹೊರಗೆ ಕಳ್ಸಿದ್ಯಾ?’ ಅಪ್ಪನ ದನಿ ಓಣಿಗೆಲ್ಲ ಕೇಳುವಷ್ಟು ಜೋರಾಗಿತ್ತು. ‘ತಲೇಲಿ ಏನಿತ್ತೋ ನಿಂಗೆ? ಮೊನ್ನೆ ಕೆಲ್ಸಕ್ಕೆ ಸೇರಿದೋನೂ ಹೀಗ್ ಮಾಡಲ್ಲ! ನಾಚಿಕೆ ಆಗ್ಬೇಕು!’

ಆಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಅದರ ಜೊತೆಗೇ ಎಷ್ಟೋ ವರ್ಷದಿಂದ ಕಾಣದ ಒಂದು ಖುಷಿಯೂ. ಇನ್ನೂ ಬೈಯಲಿ, ಎಲ್ಲರೆದುರು ಬೈಯಲಿ ಎಂದು ಟ್ರೇ ಹಿಡಿದು ನಿಂತಿದ್ದ. ಆದರೆ ಅಪ್ಪ ನಿಲ್ಲಿಸಿಬಿಟ್ಟರು. ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

‘ನೀನು ಇದನ್ನ ಮರೆಯೋನಲ್ಲ’ ಅಂದರು. ದನಿ ತಗ್ಗಿತ್ತು. ‘ಯಾಕ್ ಮರ್ತೆ?’

ಏನಾದರೂ ಒಂದು ಹೇಳಬಹುದಿತ್ತು, ಫೋನ್ ಬಂದಿತ್ತು ಎನ್ನಬಹುದಿತ್ತು. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

‘ಅವತ್ತು ನನ್ನ ಕೈ ನೋಡ್ತಾ ಇದ್ಯಾ?’

ಅವನು ತಲೆ ತಗ್ಗಿಸಿದ. ಅಪ್ಪ ಗಾಡಿಯ ಮೈಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿದರು. ‘ಹಾಗಾದ್ರೆ ನೀನಂದಿದ್ದೇ ಸರಿ ಕಣೋ. ನಾಳೆಯಿಂದ ನಾನು ಬರಲ್ಲ. ನನ್ ಕೈ ಹೋದ್ರೆ ಹೋಗ್ಲಿ, ವಯಸ್ಸಾಯ್ತು. ನನ್ನಿಂದ ನಿನ್ ಕೈ ಕೆಡಬಾರದು.’ ಇವನು ಏನೋ ಹೇಳಲು ಹೋದ. ‘ಅದು ನಾಳೆ ಮಾತು’ ಎಂದು ಅವರು ತಡೆದು, ಕೈ ಚಾಚಿದರು. ‘ಇವತ್ತು ಇನ್ನೂ ಮುಗ್ದಿಲ್ಲ. ಬಿಲ್ಲೆ ಕೊಡಿಲ್ಲಿ, ನಾನೇ ಹಾಕ್ತೀನಿ. ನೀನು ಆಚೆ ಹೋಗಿ ನಿಂತ್ಕೋ. ನೋಡ್ಬೇಡ.’

ಗಾಡಿಯನ್ನು ಒಳಕ್ಕೆ ತಂದು ಬಿಟ್ಟು, ಚಿಕ್ಕಮೇಸ್ತ್ರಿ ಹೊರಗೆ ಬಂದು ಡಿಪೋದ ಗೋಡೆಗೆ ಮುಖ ಮಾಡಿ ನಿಂತ. ಹಿಂದಿನಿಂದ ಹಲಗೆ ಜಾರಿದ ಸದ್ದು, ಸ್ಪ್ಯಾನರ್ ಹುಡುಕಿದ ಸದ್ದು. ಒಂದು ಬೋಲ್ಟು ತಿರುಗಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮರೆತರೇ? ಬೆರಳಲ್ಲಷ್ಟೇ ತಿರುಗಿಸಿ ಬಿಟ್ಟರೇ? ಕತ್ತಿನ ನರ ತಾನಾಗಿ ತಿರುಗಲು ನೋಡಿತು. ಅವನು ಗೋಡೆಯ ಇಟ್ಟಿಗೆಯ ಸಂದಿಯಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತ. ಪಕ್ಕದಲ್ಲಿ ಟೈಲ್ಸ್ ಅಂಗಡಿಯವನು, ‘ಏನ್ರೀ ಇದು ಅಪ್ಪ ಮಕ್ಕಳ ಆಟ, ನನ್ನ ಲೋಡಿಂಗ್ ಹಾಳಾಯ್ತು’ ಎಂದು ಗೊಣಗುತ್ತಿದ್ದ. ಕೊನೆಗೆ ಒಳಗಿನಿಂದ, ‘ಆಯ್ತು, ತಗೊಂಡ್ ಹೋಗಿ’ ಎಂಬ ಕೂಗು ಬಂತು.

ಟೈಲ್ಸ್ ಅಂಗಡಿಯವನು ಬೈಕನ್ನು ಗೋಡೆಗೆ ಒರಗಿಸಿ, ಬೀಗದ ಕೈಗೆ ಕೈ ಚಾಚಿ ಅನುಮಾನದಿಂದ ಇವನ ಮುಖ ನೋಡಿದ. ‘ಮೇಸ್ತ್ರಿ, ನೀವೊಂದ್ಸಲ ಕೆಳಗೆ ಹೋಗಿ ನೋಡ್ಬಿಡಿ. ಭಾರ ಹೊರೋ ಗಾಡಿ.’

ಒಳಗೆ ಅಪ್ಪ ಈ ಕಡೆ ಬೆನ್ನು ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಕೇಳಿಸಿರಬೇಕು, ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಹಲಗೆ ಕಾಲಿನ ಹತ್ತಿರವೇ ಇತ್ತು. ಜಾರಿ ಒಂದು ಸಲ ಕೈಯಾಡಿಸಿ ಬರುವುದು ಎಷ್ಟು ಹೊತ್ತಿನ ಮಾತು?

‘ದೊಡ್ಮೇಸ್ತ್ರಿ ಹಾಕಿದಾರೆ’ ಎಂದು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟ. ‘ಹೊರಡಿ ನೀವು.’